ವೇಗ ನೋಡಿ ಕ್ಯಾಲಿಬರ್ ಆರಿಸಬೇಡಿ: ಒಂದೇ ಸೀಸನ್ನಿಗೆ ಮುಗಿದ ಬ್ಯಾರೆಲ್

ಅಮೆರಿಕದಲ್ಲಿ ಲಾಂಗ್ ರೇಂಜ್ ರೈಫಲ್ ಕಟ್ಟಿಸಲು ಹೊರಟಿರುವವರು ಗನ್‌ಸ್ಮಿತ್‌ಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ. 1000 ಗಜದ ಮ್ಯಾಚ್‌ಗಳಿಗೆಂದೇ 26 ನಾಸ್ಲರ್ ಎಂಬ ತೋಟಾಕ್ಕೆ (ಕೇಸ್, ಮದ್ದು, ಗುಂಡು ಸೇರಿದ ಕಾರ್ಟ್ರಿಡ್ಜ್) ಕಟ್ಟಿಸಿದ ರೈಫಲ್ ಒಂದರ ಬ್ಯಾರೆಲ್ ಮೊದಲ ಸೀಸನ್ ಮುಗಿಯುವಷ್ಟರಲ್ಲೇ ಹೋಯಿತು. ಬ್ಯಾರೆಲ್ ಕಳಪೆಯಾಗಿರಲಿಲ್ಲ, ಗನ್‌ಸ್ಮಿತ್‌ನ ಕೆಲಸವೂ ಅಚ್ಚುಕಟ್ಟಾಗಿತ್ತು. ಕ್ಯಾಲಿಬರ್, ಅಂದರೆ ತೋಟಾದ ಬಗೆಯ ಆಯ್ಕೆಯೇ ತಪ್ಪು.

6.5 ಕ್ರೀಡ್‌ಮೋರ್ ಎಂಬ ಇನ್ನೊಂದು ತೋಟಾದಲ್ಲಿ 140 ಗ್ರೇನ್ (ತೂಕದ ಸಣ್ಣ ಅಳತೆ) ಗುಂಡಿನ ಹಿಂದೆ ಉರಿಯುವುದು ಸುಮಾರು 42 ಗ್ರೇನ್ ಮದ್ದು. 26 ನಾಸ್ಲರ್‌ನಲ್ಲಿ ಹತ್ತಿರ ಹತ್ತಿರ ಅದರ ಎರಡರಷ್ಟು. ಎರಡರಲ್ಲೂ ಗುಂಡಿನ ವ್ಯಾಸ ಮಾತ್ರ ಅದೇ 0.264 ಇಂಚು. ಅಷ್ಟೊಂದು ಬಿಸಿ ಅನಿಲ ಅದೇ ಸಣ್ಣ ತೂತಿನಲ್ಲಿ ನುಗ್ಗಿದಾಗ ಮೊದಲು ಸುಡುವುದು ಚೇಂಬರಿನ (ತೋಟಾ ಕೂರುವ ಗೂಡು) ಮುಂದಿರುವ ತ್ರೋಟ್. ಬೋರ್‌ಸ್ಕೋಪ್ ಇಳಿಸಿ ನೋಡಿದಾಗ ಅಲ್ಲಿನ ಉಕ್ಕು ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು.

ಇದು ಒಂದೇ ದಿನದಲ್ಲಿ ಗೊತ್ತಾಗುವುದಿಲ್ಲ. ತ್ರೋಟ್ ಸವೆದು ಮುಂದೆ ಸರಿದಂತೆ ಗುಂಡು ರೈಫ್ಲಿಂಗ್ (ಬ್ಯಾರೆಲ್ ಒಳಗಿನ ಸುರುಳಿ ಗೀರು) ಮುಟ್ಟಲು ದೂರ ಜಿಗಿಯಬೇಕಾಗುತ್ತದೆ. ಆಗ ಗುಂಡನ್ನು ಕೇಸಿನಿಂದ ಇನ್ನಷ್ಟು ಹೊರಗೆ ಕೂರಿಸುತ್ತೀರಿ. ಒಂದು ಹಂತದಲ್ಲಿ ಅದು ಮ್ಯಾಗಜೀನಿಗೆ ಹಿಡಿಯುವುದಿಲ್ಲ. ವೇಗ ಇಳಿಯುತ್ತದೆ, ಗುರಿಯಲ್ಲಿ ತೂತುಗಳ ಗುಂಪು (ಗ್ರೂಪ್) ಹರಡುತ್ತದೆ. ದಯವಿಟ್ಟು ಮದ್ದು ಹೆಚ್ಚಿಸಿ ಹಳೆಯ ವೇಗ ಹಿಡಿಯಲು ಹೋಗಬೇಡಿ, ತ್ರೋಟ್ ಇನ್ನೂ ಬೇಗ ಹೋಗುತ್ತದೆ. ಬಿಸಿಯಾದ ಬ್ಯಾರೆಲ್ಲಿನಲ್ಲಿ ಬೆನ್ನುಬೆನ್ನಿಗೆ ಹತ್ತು ಗುಂಡು ಹಾರಿಸುವುದೂ ಅಷ್ಟೇ ಹಾನಿಕರ.

ತಿಂಗಳಿಗೊಂದು ಮ್ಯಾಚ್, ಪ್ರತಿ ಮ್ಯಾಚಿಗೆ 80 ಗುಂಡು ಎಂದರೂ ವರ್ಷಕ್ಕೆ 960. ಅಭ್ಯಾಸ ಮತ್ತು ಲೋಡ್ (ರೈಫಲ್‌ಗೆ ಒಗ್ಗುವ ಮದ್ದಿನ ಪ್ರಮಾಣ) ಹುಡುಕಾಟ ಬೇರೆ. 26 ನಾಸ್ಲರ್ ಬ್ಯಾರೆಲ್ 1000 ಗುಂಡಿನವರೆಗೆ ನಿಖರತೆ ಉಳಿಸಿಕೊಂಡರೆ ಅದೃಷ್ಟ. ಕ್ರೀಡ್‌ಮೋರ್ ಸಾಮಾನ್ಯವಾಗಿ 2000 ದಾಟುತ್ತದೆ. ವರ್ಷಕ್ಕೆ ನಾಲ್ಕಾರು ಗುಂಡು ಹಾರಿಸುವ ಬೇಟೆಗಾರನಿಗೆ 26 ನಾಸ್ಲರ್ ಒಳ್ಳೆಯದೇ, ಮ್ಯಾಚಿಗಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಆಮೇಲೆ. ಬ್ಯಾರೆಲ್ ಮಾತ್ರ ಬದಲಿಸಿ ಕ್ರೀಡ್‌ಮೋರ್ ಮಾಡೋಣವೆಂದರೆ ಬೋಲ್ಟ್ ಫೇಸ್ (ಬೋಲ್ಟಿನಲ್ಲಿ ಕೇಸಿನ ಹಿಂತುದಿ ಕೂರುವ ತಗ್ಗು) ಹೊಂದಲಿಲ್ಲ. ನಾಸ್ಲರ್‌ಗೆ ಬೇಕಾದದ್ದು ಸುಮಾರು 0.532 ಇಂಚಿನ ಮ್ಯಾಗ್ನಮ್ ಫೇಸ್, ಕ್ರೀಡ್‌ಮೋರ್, .308, .243 ತೋಟಾಗಳೆಲ್ಲಕ್ಕೂ 0.473. ಅಂದರೆ ಹೊಸ ಬೋಲ್ಟ್, ಜೊತೆಗೆ ಬೇರೆ ಮ್ಯಾಗಜೀನ್. ಮೊದಲಿದ್ದ ಮ್ಯಾಗ್ನಮ್ ಬೋಲ್ಟಿಗೆ ನೇರವಾಗಿ ಒಗ್ಗುವುದು 6.5 ಪಿಆರ್‌ಸಿ, .300 ವಿನ್ ಮ್ಯಾಗ್ ಥರದವು. ಆಕ್ಷನ್ (ಬೋಲ್ಟ್ ಇರುವ ಭಾಗ) ಕೊಳ್ಳುವಾಗಲೇ ಎರಡನೆಯ ಬ್ಯಾರೆಲ್ ಯಾವುದೆಂದು ಯೋಚಿಸಬೇಕಿತ್ತು.

ಆದ್ದರಿಂದ ಮೊದಲು ಗುಂಡು ಆರಿಸಿ, ನಂತರ ಕೇಸ್. 1000 ಗಜದ ಕಾಗದಕ್ಕೆ 140 ಗ್ರೇನ್ 6.5 ಗುಂಡು ಸೆಕೆಂಡಿಗೆ 2700 ಅಡಿಯಲ್ಲಿ ಹೊರಟರೆ ಗುರಿ ಮುಟ್ಟುವಾಗಲೂ ಶಬ್ದದ ವೇಗಕ್ಕಿಂತ ಮೇಲೇ ಇರುತ್ತದೆ. ಅದಕ್ಕಿಂತ ಹೆಚ್ಚು ಬೇಕಿಲ್ಲ. .308ರ 175 ಗ್ರೇನ್ ಗುಂಡು ಅದೇ ದೂರದಲ್ಲಿ ಶಬ್ದದ ವೇಗದ ಅಂಚಿಗೆ ಬಂದು ತಡವರಿಸಬಹುದು. ಟ್ವಿಸ್ಟ್ (ರೈಫ್ಲಿಂಗ್ ಎಷ್ಟು ಇಂಚಿಗೆ ಒಂದು ಸುತ್ತು ಹಾಕುತ್ತದೆ ಎಂಬುದು) ಗುಂಡಿನ ಉದ್ದಕ್ಕೆ ಹೊಂದಬೇಕು: 6.5ರ 140ಕ್ಕೆ 8 ಇಂಚಿಗೊಂದು ಸುತ್ತು. ಹಳೆಯ .243 ಬ್ಯಾರೆಲ್ಲುಗಳ 10 ಇಂಚಿನ ಟ್ವಿಸ್ಟಿನಲ್ಲಿ 105 ಗ್ರೇನಿನ ಉದ್ದ ಗುಂಡು ಸ್ಥಿರವಾಗಿ ನಿಲ್ಲದೆ ಅಡ್ಡ ತಿರುಗಿ, ಕಾಗದದಲ್ಲಿ ಕೀಲಿಕೈ ತೂತಿನ ಆಕಾರ ಬಿಡಬಹುದು.

ಆರ್ಡರ್ ಜೊತೆಗೆ ನಿಮ್ಮ ಗುಂಡನ್ನು ಮ್ಯಾಗಜೀನಿಗೆ ಹಿಡಿಯುವ ಉದ್ದಕ್ಕೆ ಕೂರಿಸಿದ, ಮದ್ದು ಮತ್ತು ಪ್ರೈಮರ್ ಇಲ್ಲದ ಡಮ್ಮಿಯೊಂದನ್ನು ಗನ್‌ಸ್ಮಿತ್‌ಗೆ ಕಳಿಸಿ. ರೀಮರ್ (ಚೇಂಬರ್ ಕೊರೆಯುವ ಉಪಕರಣ) ನಕ್ಷೆ ಕೇಳಿ ಪಡೆದು ಅದರ ಫ್ರೀಬೋರ್ (ರೈಫ್ಲಿಂಗ್ ಶುರುವಾಗುವ ಮೊದಲಿನ ಗೀರಿಲ್ಲದ ಭಾಗ) ಅಳತೆ ಬರೆದಿಟ್ಟುಕೊಳ್ಳಿ. ಮುಂದಿನ ಬ್ಯಾರೆಲ್ ಮಾಡಿಸುವಾಗ ಬೇಕಾಗುತ್ತದೆ.