ನಾಲ್ಕು ವರ್ಷ ಬಳಸಿದ 34 ಗ್ರಾಂ ಮರದ ತಕಲಿ: ಟೋಪಿಯಿಂದ ಸ್ವೆಟರ್‌ವರೆಗೆ

ಈ ತಕಲಿ ನನ್ನ ಕೈಗೆ ಬಂದು ನಾಲ್ಕು ವರ್ಷ ತುಂಬಿತು. ಇದರಲ್ಲಿ ನೂತ ನೂಲಿನಿಂದ ಎರಡು ಟೋಪಿ, ಮೂರು ಜೊತೆ ಸಾಕ್ಸ್, ಒಂದು ಶಾಲು, ಒಂದು ಪೂರ್ತಿ ಸ್ವೆಟರ್ ಹೆಣೆದಿದ್ದೇನೆ. ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳಲ್ಲಿ ಮರದ ಬಣ್ಣ, ಪಾಲಿಶ್, ಪ್ಯಾಕಿಂಗ್ ಇಂಥದ್ದೇ ಜಾಸ್ತಿ ಇರುತ್ತದೆ. ತಕಲಿ ಎಂಥದ್ದು ಅಂತ ಗೊತ್ತಾಗುವುದು ಅದರ ನೂಲು ಬಟ್ಟೆಯಾಗಿ, ಆ ಬಟ್ಟೆ ಹತ್ತಾರು ಸಲ ಒಗೆದ ಮೇಲೆ. ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ವಿವರ. ಇದು ನೇತಾಡುವ ತಕಲಿ, ಅಂದರೆ ಡ್ರಾಪ್ ಸ್ಪಿಂಡಲ್. ಮೇಲ್ಗಡೆ ದುಂಡನೆ ಬಿಲ್ಲೆ, ಬಿಲ್ಲೆಯ ನೆತ್ತಿಯಲ್ಲಿ ಸಣ್ಣ ಲೋಹದ ಕೊಕ್ಕೆ, ಕೆಳಗೆ ಒಂದು ಗೇಣಿನ ಕಡ್ಡಿ. ಬಿಲ್ಲೆಯ ಅಂಚು ದಪ್ಪ, ನಡುಭಾಗ ತೆಳು. ತೂಕ 34 ಗ್ರಾಂ.

ಅಂಚು ದಪ್ಪ ಅಂದೆನಲ್ಲ, ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಅದೇ. ಭಾರ ನಡುವಿನಲ್ಲಿದ್ದರೆ ತಕಲಿ ಜೋರಾಗಿ ತಿರುಗುತ್ತದೆ, ಆದರೆ ಬೇಗ ನಿಲ್ಲುತ್ತದೆ. ಭಾರ ಅಂಚಿನಲ್ಲಿದ್ದರೆ ಸ್ವಲ್ಪ ನಿಧಾನವಾಗಿ ಶುರುವಾಗಿ ಬಹಳ ಹೊತ್ತು ತಿರುಗುತ್ತದೆ. ಅಗಲವಾದ ಬುಗುರಿ ಸಣಕಲು ಬುಗುರಿಗಿಂತ ಜಾಸ್ತಿ ಹೊತ್ತು ತಿರುಗುತ್ತದೆ ಅಲ್ವಾ, ಹಾಗೆಯೇ. ಹೊಸಬರಿಗೆ ಈ ಹೆಚ್ಚಿನ ಹೊತ್ತು ದೊಡ್ಡ ಉಪಕಾರ. ಒಂದು ಕೈಯಲ್ಲಿ ಉಣ್ಣೆ ಹಿಂಜುತ್ತಾ, ಇನ್ನೊಂದು ಕೈಯಲ್ಲಿ ಎಳೆ ಬಿಡಿಸುತ್ತಾ, ತಕಲಿ ಹಿಂದಕ್ಕೆ ತಿರುಗುವ ಮುಂಚೆ ಹಿಡಿಯಬೇಕು. ಹಿಂದಕ್ಕೆ ತಿರುಗಿತು ಅಂದರೆ ನೂಲು ಬಿಚ್ಚಿಕೊಂಡು ತಕಲಿ ಕೆಳಗೆ ಬೀಳುತ್ತದೆ.

ನನ್ನ ಮೊದಲ ತಕಲಿ ಇದಲ್ಲ. ಮೊದಲು ಕೊಂಡದ್ದು ಕೆತ್ತನೆ ಕೆಲಸ ಮಾಡಿದ ಚಂದದ ತಕಲಿ, ತೂಕ 75 ಗ್ರಾಂ. ನೋಡಿದ ತಕ್ಷಣ ಬೇಕು ಅನ್ನಿಸಿತ್ತು. ಅದರಲ್ಲಿ ತೆಳು ನೂಲು ತೆಗೆಯಲು ಎರಡು ತಿಂಗಳು ಒದ್ದಾಡಿದೆ. ಎಳೆ ಸಣ್ಣಗಾದ ಕಡೆಯೆಲ್ಲ ಪಟ್ಟನೆ ಕಡಿಯುತ್ತಿತ್ತು. ನನ್ನ ಕೈಗೇ ಈ ಕೆಲಸ ಬರುವುದಿಲ್ಲ ಅಂದುಕೊಂಡಿದ್ದೆ. ಕಾರಣ ಸರಳ: ನೂತ ಎಳೆಯೇ ತಕಲಿಯ ಭಾರ ಹೊರಬೇಕು. 75 ಗ್ರಾಂ ಹೊರಲು ದಪ್ಪ ಎಳೆ ಬೇಕು. ಈ 34 ಗ್ರಾಂನದ್ದು ಬಂದ ದಿನವೇ ಸಾಕ್ಸ್‌ಗೆ ಆಗುವಷ್ಟು ತೆಳು ನೂಲು ಕಡಿಯದೆ ಬಂತು. ಕೈ ಅದೇ, ಉಣ್ಣೆ ಅದೇ. ಹಾಗಾಗಿ ತಕಲಿ ಕೊಳ್ಳುವವರಿಗೆ ನಾನು ಮೊದಲು ಹೇಳುವುದು, ತೂಕ ಕೇಳಿ. ತೂಕ ಬರೆಯದೆ ಮಾರುವವರ ಹತ್ತಿರ ಕೊಳ್ಳಬೇಡಿ. ಸಾಧಾರಣ ದಪ್ಪದ ನೂಲಿಗೆ 30ರಿಂದ 45 ಗ್ರಾಂ ನಡುವಿನದ್ದು ಆಗುತ್ತದೆ. ತೀರಾ ತೆಳು ಲೇಸ್ ನೂಲಿಗೆ 20 ಗ್ರಾಂ ಆಸುಪಾಸಿನದ್ದು ಬೇಕು.

ತೂಕ ಸರಿಯಿದ್ದರೂ ಮೊದಲ ತಿಂಗಳು ಬೀಳುವುದು ತಪ್ಪುವುದಿಲ್ಲ. ಒಂದು ಸಲ ಗಟ್ಟಿ ನೆಲಕ್ಕೆ ಬಿದ್ದು ಬಿಲ್ಲೆಯ ಅಂಚಿನಲ್ಲಿ ಚೂರು ಎದ್ದಿತು. ಆಮೇಲೆ ಕಾಲ ಬಳಿ ದಪ್ಪ ಬಟ್ಟೆ ಹಾಸಿಕೊಂಡು ನೂಲುತ್ತಿದ್ದೆ. ಇನ್ನೊಂದು ಉಪಾಯವೂ ಇದೆ. ತಕಲಿ ತಿರುಗಿಸಿ, ತಿರುವು ತುಂಬಿದ ಮೇಲೆ ಕಡ್ಡಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿಯುವುದು. ಎರಡೂ ಕೈ ಬಿಡುವಾದಾಗ ನಿಧಾನವಾಗಿ ಎಳೆ ಬಿಡಿಸುವುದು. ಎರಡು ಕೆಲಸವನ್ನು ಒಟ್ಟಿಗೆ ಕಲಿಯುವ ಬದಲು ಒಂದೊಂದಾಗಿ ಕಲಿತ ಹಾಗೆ. ನಾನು ಮೂರು ವಾರ ಹೀಗೇ ಮಾಡಿದೆ. ಒಂದು ದಿನ ಮಂಡಿ ಮರೆತೇ ಹೋಗಿ ತಕಲಿ ತಾನಾಗಿ ನೇತಾಡುತ್ತಿತ್ತು!

ಉಣ್ಣೆಯ ವಿಷಯದಲ್ಲಿ ಈ ತಕಲಿ ಎಲ್ಲದಕ್ಕೂ ಹೊಂದುವುದಿಲ್ಲ. ಕಾರಿಡೇಲ್ ಅನ್ನುವ ಕುರಿ ತಳಿಯ ಉಣ್ಣೆಗೆ ಹೇಳಿ ಮಾಡಿಸಿದ ಹಾಗಿದೆ. ಅದರ ಎಳೆ 25ರಿಂದ 31 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ದಪ್ಪ, ಉದ್ದವೂ ಇದೆ, ಒಂದಕ್ಕೊಂದು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಕಲಿಯುವವರು ಇದರಿಂದಲೇ ಶುರು ಮಾಡಿ. ಮೆರಿನೋ ಕುರಿಯ ಉಣ್ಣೆ 18ರಿಂದ 24 ಮೈಕ್ರಾನ್, ಮುಟ್ಟಿದರೆ ಬಲು ಮೆತ್ತಗೆ. ಆದರೆ ಅದು ಬೆರಳ ಸಂದಿಯಲ್ಲಿ ಜಾರುತ್ತದೆ, ತಿರುವು ಕಡಿಮೆಯಾದರೆ ಬಟ್ಟೆಯ ಮೇಲೆ ಸಣ್ಣ ಸಣ್ಣ ಗಂಟುಗಳೇಳುತ್ತವೆ. ಅಲ್ಪಾಕಾ, ಅಂದರೆ ಒಂಟೆ ಜಾತಿಯ ಒಂದು ಪ್ರಾಣಿಯ ಉಣ್ಣೆ, ಬೆಚ್ಚಗಿರುತ್ತದೆ, ಆದರೆ ಅದರಲ್ಲಿ ಕುರಿ ಉಣ್ಣೆಯ ಹಾಗೆ ಸುರುಳಿಯ ಪುಟಿತ ಇಲ್ಲ. ಅದರಿಂದ ಹೆಣೆದ ಭಾರದ ಬಟ್ಟೆ ಜೋಲುತ್ತದೆ, ಹಾಗಾಗಿ ಶಾಲಿಗೆ ಮಾತ್ರ ಇಟ್ಟುಕೊಂಡೆ. ಹತ್ತಿಯನ್ನು ಇದರಲ್ಲಿ ಪ್ರಯತ್ನಿಸಿ ಸೋತೆ. ಹತ್ತಿಯ ಎಳೆ ಎರಡು ಮೂರು ಸೆಂಟಿಮೀಟರ್ ಅಷ್ಟೇ. ಅದಕ್ಕೆ ಬಹಳ ತಿರುವು ಬೇಕು, ಮೇಲಾಗಿ ಭಾರ ನೇತುಬೀಳಬಾರದು. ಅದಕ್ಕೆ ಬಟ್ಟಲಲ್ಲಿ ನಿಲ್ಲಿಸಿ ತಿರುಗಿಸುವ ಪುಟ್ಟ ಲೋಹದ ತಕಲಿಯೇ ಸರಿ.

ಮೊದಲ ಟೋಪಿ ನನಗೆ ದೊಡ್ಡ ಪಾಠ ಕಲಿಸಿತು. ಒಂಟಿ ಎಳೆಯ ನೂಲಿನಲ್ಲೇ ಆತುರಪಟ್ಟು ಹೆಣೆದೆ. ಟೋಪಿ ಮುಗಿದಾಗ ಸ್ಟಿಚ್‌ಗಳ ಸಾಲೆಲ್ಲ ಒಂದು ಪಕ್ಕಕ್ಕೆ ವಾಲಿತ್ತು. ಒಗೆದೆ, ಎಳೆದು ಒಣಗಿಸಿದೆ, ಮತ್ತೆ ವಾಲಿತು. ನೂಲಿನಲ್ಲಿ ಉಳಿದ ತಿರುವು ಬಟ್ಟೆಯನ್ನೇ ತಿರುಗಿಸುತ್ತಿತ್ತು. ತಕಲಿಯನ್ನು ಬಲಕ್ಕೆ ತಿರುಗಿಸಿ ನೂತ ಎರಡು ಎಳೆಗಳನ್ನು ಜೋಡಿಸಿ, ಎಡಕ್ಕೆ ತಿರುಗಿಸಿ ಹುರಿ ಮಾಡಬೇಕು. ಆಗ ಒಂದು ತಿರುವು ಇನ್ನೊಂದನ್ನು ಸರಿದೂಗಿಸುತ್ತದೆ. ಹುರಿ ಸರಿಯಾಗಿದೆಯೇ ಅಂತ ನೋಡಲು ಲಡಿಯನ್ನು ತೊಳೆದು ಒಣಗಿಸಿ ಸುಮ್ನೆ ನೇತುಹಾಕಿ. ತಿರುಚಿಕೊಳ್ಳದೆ ನೆಟ್ಟಗೆ ತೂಗಿದರೆ ಸರಿಯಿದೆ ಅಂತ ಅರ್ಥ. ಎರಡನೇ ಟೋಪಿಯನ್ನು ಹುರಿ ಮಾಡಿದ ನೂಲಿನಲ್ಲಿ ಹೆಣೆದೆ. ಅದು ಇವತ್ತಿಗೂ ನೆಟ್ಟಗಿದೆ.

ಈಗ ಸ್ವೆಟರ್. ಇದಕ್ಕೆ 480 ಗ್ರಾಂ ಕಂದು ಕಾರಿಡೇಲ್ ಬೇಕಾಯಿತು. ಈ ತಕಲಿಯ ಕಡ್ಡಿ ಆರಾಮವಾಗಿ ಹಿಡಿಯುವುದು 24, 25 ಗ್ರಾಂ ನೂಲು. ಅದಕ್ಕಿಂತ ಜಾಸ್ತಿ ಸುತ್ತಿದರೆ ಭಾರ ಏರಿ ಎಳೆ ಕಡಿಯುತ್ತದೆ, ಉಂಡೆ ಒಂದು ಕಡೆ ಉಬ್ಬಿದರೆ ತಕಲಿ ತೂರಾಡುತ್ತದೆ. ಹಾಗಾಗಿ ಇಪ್ಪತ್ತು ಉಂಡೆ ನೂತೆ. ಒಂದೊಂದು ಉಂಡೆಗೆ ಸುಮಾರು ಎರಡೂವರೆ ಗಂಟೆ. ಎರಡೆರಡು ಉಂಡೆ ಸೇರಿಸಿ ಹುರಿ ಮಾಡಿದಾಗ ಹತ್ತು ಲಡಿ, ಒಂದೊಂದರಲ್ಲೂ 105 ಮೀಟರ್ ಆಸುಪಾಸು. ದಿನಕ್ಕೆ ಇಪ್ಪತ್ತು ನಿಮಿಷದ ಲೆಕ್ಕದಲ್ಲಿ, ಬಿಟ್ಟ ದಿನಗಳೂ ಸೇರಿ, ಏಳು ತಿಂಗಳು ಹಿಡಿಯಿತು.

ಏಳು ತಿಂಗಳಲ್ಲಿ ಕೈಯ ಹದ ಬದಲಾಗುತ್ತದೆ. ಕೈ ಪಳಗಿದಂತೆ ಎಳೆ ತೆಳ್ಳಗಾಗುತ್ತಾ ಹೋಗುತ್ತದೆ. ಇದನ್ನು ತಡೆಯಲು ಮೊದಲ ಉಂಡೆಯ ಒಂದು ತುಂಡು ನೂಲನ್ನು ಗಟ್ಟಿ ಕಾಗದಕ್ಕೆ ಸುತ್ತಿ ಚೀಲದಲ್ಲಿಟ್ಟಿದ್ದೆ. ನೂಲಲು ಕೂತಾಗಲೆಲ್ಲ ಹೊಸ ಎಳೆಯನ್ನು ಅದರ ಪಕ್ಕ ಹಿಡಿದು ನೋಡುತ್ತಿದ್ದೆ. ಆದರೂ ಒಂಬತ್ತನೇ ಲಡಿ ಉಳಿದವಕ್ಕಿಂತ ಸಣ್ಣಗೆ ಬಂತು. ಹೆಣೆಯುವಾಗ ಎರಡು ಸಾಲು ಒಂದು ಲಡಿಯಿಂದ, ಎರಡು ಸಾಲು ಇನ್ನೊಂದರಿಂದ ತೆಗೆದುಕೊಂಡೆ. ಈಗ ಹುಡುಕಿದರೂ ವ್ಯತ್ಯಾಸ ಕಾಣುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕೈನೂಲಿನಲ್ಲಿ ಹೆಣೆಯುವ ಮುಂಚೆ ಮಾದರಿ ತುಂಡು ಹೆಣೆಯಿರಿ, ಆ ತುಂಡನ್ನು ಒಗೆದು ಒಣಗಿಸಿದ ಮೇಲೆ ಅಳೆಯಿರಿ. ನನ್ನ ತುಂಡಿನಲ್ಲಿ ಒಗೆಯುವ ಮುಂಚೆ 10 ಸೆಂಟಿಮೀಟರ್‌ಗೆ 22 ಸ್ಟಿಚ್ ಇತ್ತು. ಒಗೆದ ಮೇಲೆ 20 ಆಯಿತು. ಕೇಳಲು ಚಿಕ್ಕ ವ್ಯತ್ಯಾಸ. ಆದರೆ 220 ಸ್ಟಿಚ್ ಹಾಕಿದರೆ ಮೊದಲ ಲೆಕ್ಕದಲ್ಲಿ ಎದೆ ಸುತ್ತಳತೆ 100 ಸೆಂಟಿಮೀಟರ್, ಎರಡನೆಯದರಲ್ಲಿ 110. ತುಂಡನ್ನು ಒಗೆಯದೆ ಅಳೆದು ಹೆಣೆದಿದ್ದರೆ ಏಳು ತಿಂಗಳ ನೂಲು ನನ್ನ ಮೈಗೆ ದೊಗಳೆಯಾಗುತ್ತಿತ್ತು. ನಾನು 200 ಸ್ಟಿಚ್ ಹಾಕಿದೆ. ಸರಿಯಾಗಿ ಕೂತಿದೆ. ಹೆಣೆದದ್ದು 4 ಮಿ.ಮೀ. ಮರದ ಸರ್ಕ್ಯುಲರ್ ಸೂಜಿಯಲ್ಲಿ, ಅಂದರೆ ಬಗ್ಗುವ ತಂತಿಯಿಂದ ಜೋಡಿಸಿದ ಎರಡು ಸೂಜಿಯಲ್ಲಿ. ಕೈನೂಲಿಗೆ ಲೋಹದ ಸೂಜಿಗಿಂತ ಮರದ್ದೇ ಹಿತ ಅನ್ನಿಸಿತು, ಕುಣಿಕೆ ಜಾರುವುದಿಲ್ಲ.

ಸಾಕ್ಸ್ ಬಗ್ಗೆಯೂ ಹೇಳಬೇಕು. ಮೊದಲ ಜೊತೆಯನ್ನು ಎರಡೆಳೆ ಮೆರಿನೋದಲ್ಲಿ ಹೆಣೆದೆ. ನಾಲ್ಕೇ ತಿಂಗಳಲ್ಲಿ ಹಿಮ್ಮಡಿ ಸವೆದು ತೂತಾಯಿತು. ಬೇಸರವಾಯಿತು, ಏಕೆಂದರೆ ಅವು ನನ್ನ ಅತ್ಯಂತ ಮೆತ್ತನೆಯ ಸಾಕ್ಸ್. ಉಳಿದ ಎರಡು ಜೊತೆಗೆ ಕಾರಿಡೇಲ್ ತೆಗೆದುಕೊಂಡು, ತಿರುವು ಜಾಸ್ತಿ ಕೊಟ್ಟು, ಮೂರು ಎಳೆ ಸೇರಿಸಿದೆ. ಮೂರೆಳೆಯ ನೂಲು ದುಂಡಗೆ, ಗಟ್ಟಿಯಾಗಿ ಬರುತ್ತದೆ. ಎರಡು ವರ್ಷವಾದರೂ ಹಿಮ್ಮಡಿ ಹಾಗೇ ಇದೆ. ಒಗೆಯುವುದು ಉಗುರುಬೆಚ್ಚಗಿನ ನೀರಿನಲ್ಲಿ, ಉಜ್ಜದೆ, ಅರ್ಧ ಗಂಟೆ ನೆನೆಸಿ. ಬಿಸಿನೀರಿನಲ್ಲಿ ಉಜ್ಜಿದರೆ ಉಣ್ಣೆಯ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಹಲಗೆಯಂತಾಗುತ್ತದೆ.

ಇನ್ನು ತಕಲಿಯ ಕೊರತೆಗಳು. ಮೊದಲು ಬಂದದ್ದರಲ್ಲಿ ಕಡ್ಡಿ ಬಿಲ್ಲೆಯ ಸರಿ ನಡುವಿಗೆ ಇರಲಿಲ್ಲ, ತಿರುಗಿಸಿದರೆ ನಡುಗುತ್ತಿತ್ತು. ವಿಡಿಯೋ ತೆಗೆದು ಕಳಿಸಿದ ಮೇಲೆ ಬದಲಿಸಿ ಕೊಟ್ಟರು. ಎರಡನೇ ವರ್ಷ ಕೊಕ್ಕೆ ಸಡಿಲವಾಯಿತು. ತೆಗೆದು, ತೂತಿಗೆ ಅಂಟು ಹಾಕಿ ಮತ್ತೆ ಕೂರಿಸಿದೆ. ಕೊಕ್ಕೆ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಹೋದರೂ ತಕಲಿ ತೂರಾಡುವುದರಿಂದ, ಅದನ್ನು ಬಗ್ಗಿಸಿ ಸರಿಮಾಡಲು ಒಂದು ಸಂಜೆಯೇ ಹೋಯಿತು. ಮೂರನೇ ವರ್ಷ ಮತ್ತೆ ಸಡಿಲ. ಈ ಬೆಲೆಯ ವಸ್ತುವಿನಲ್ಲಿ ಇದು ಆಗಬಾರದು. ಹುರಿ ಮಾಡಲು ಕೂಡ ಇದು ಸಾಲದು. 50 ಗ್ರಾಂ ಹುರಿ ನೂಲನ್ನು ಇದರ ಕಡ್ಡಿ ಹಿಡಿಯುವುದಿಲ್ಲ, ನಾನು ಅದಕ್ಕೆಂದೇ ಆ ಹಳೆಯ 75 ಗ್ರಾಂನದ್ದನ್ನು ಹೊರತೆಗೆದೆ. ಹುರಿ ನೂಲಿಗೆ ಭಾರ ಹೊರುವ ಶಕ್ತಿಯಿದೆ, ಹಾಗಾಗಿ ಅಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮತ್ತೆ, ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೈ ಎತ್ತಿ ನೂತರೆ ಭುಜ ನೋಯುತ್ತದೆ. ಎಳೆ ಬಿಡಿಸುವ ಕೈಯನ್ನು ಎದೆಮಟ್ಟಕ್ಕಿಂತ ಮೇಲೆ ಎತ್ತಬೇಡಿ.

ರಾಟೆ ಕೊಳ್ಳಬಾರದೇ ಅಂತ ಹಲವರು ಕೇಳಿದ್ದಾರೆ. ಗೆಳತಿಯೊಬ್ಬರ ಕಾಲಿನಿಂದ ತುಳಿಯುವ ರಾಟೆಯನ್ನು ಒಂದು ತಿಂಗಳು ಬಳಸಿ ನೋಡಿದ್ದೇನೆ. ತಕಲಿಯಲ್ಲಿ ಎರಡೂವರೆ ಗಂಟೆ ಹಿಡಿಯುವ ಉಂಡೆ ಅದರಲ್ಲಿ ಒಂದು ಗಂಟೆಯೊಳಗೆ ಮುಗಿಯಿತು. ಆದರೆ ಆ ತಿಂಗಳು ನಾನು ನೂತದ್ದು ನಾಲ್ಕೇ ದಿನ. ರಾಟೆಯ ಮುಂದೆ ಹೋಗಿ ಕೂರಬೇಕು, ಅದಕ್ಕೆಂದೇ ಹೊತ್ತು ಬೇಕು. ತಕಲಿ ಚೀಲದಲ್ಲಿ ಇರುತ್ತದೆ. ಬಸ್ಸಿಗೆ ಕಾಯುವಾಗ, ಫೋನಿನಲ್ಲಿ ಮಾತಾಡುವಾಗ, ಹತ್ತು ನಿಮಿಷ ಸಿಕ್ಕರೂ ಸಾಕು. ಯುರೋಪಿಗೆ ರಾಟೆ ಬಂದದ್ದು 13ನೇ ಶತಮಾನದ ಹೊತ್ತಿಗೆ. ಅದಕ್ಕಿಂತ ಮುಂಚೆ ಅಲ್ಲಿನ ಬಟ್ಟೆಯೆಲ್ಲ ತಕಲಿಯಿಂದಲೇ ಬಂದದ್ದು. ಉತ್ತರ ಯುರೋಪಿನ ಹಳೆಯ ಕಡಲಯಾನಿಗಳಾದ ವೈಕಿಂಗರ ಹಡಗುಗಳ ಉಣ್ಣೆಯ ಹಾಯಿಗೂ ಕೈಯಲ್ಲಿ ತಿರುಗಿಸಿದ ತಕಲಿಯೇ ನೂಲು ಕೊಟ್ಟದ್ದು. ನನ್ನ ಸ್ವೆಟರ್‌ನ ಒಂದು ಕಿಲೋಮೀಟರ್ ನೂಲನ್ನು ನೆನೆದಾಗ, ಒಂದು ಇಡೀ ಹಾಯಿಗೆ ಎಷ್ಟು ಕೈಗಳು ಎಷ್ಟು ದಿನ ದುಡಿದಿರಬೇಕು ಅಂತ ಮೈ ಜುಮ್ಮೆನ್ನುತ್ತದೆ.

ಹೆಣಿಗೆ ಬರುತ್ತದೆ, ನೂಲನ್ನೂ ನಾನೇ ತೆಗೆಯಬೇಕು ಅನ್ನುವವರು ಇದನ್ನು ಧೈರ್ಯವಾಗಿ ಕೊಳ್ಳಿ. ಜೊತೆಗೆ 100 ಗ್ರಾಂ ಬಾಚಿದ ಕಾರಿಡೇಲ್ ತೆಗೆದುಕೊಳ್ಳಿ, ಮೊದಲ ಟೋಪಿಗೆ ಅಷ್ಟು ಸಾಕು. ವಾರದಲ್ಲಿ ಸ್ವೆಟರ್ ಆಗಬೇಕು ಅನ್ನುವವರಿಗೆ, ದಪ್ಪ ನೂಲೇ ಇಷ್ಟ ಅನ್ನುವವರಿಗೆ, ಹತ್ತಿಯೇ ಬೇಕು ಅನ್ನುವವರಿಗೆ ಇದು ಬೇಡ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಒಂದು ಅಂಕವನ್ನು ಕೊಕ್ಕೆಗಾಗಿ ಕಳೆದಿದ್ದೇನೆ.

ಸದ್ಯ ತಕಲಿಯಲ್ಲಿ ಬೂದು ಉಣ್ಣೆ ಇದೆ. ಹೆಣಿಗೆ ಕಲಿಯುತ್ತಿರುವ ಅಕ್ಕನ ಮಗಳಿಗೆ ಕೈಗವಸು ಮಾಡಬೇಕು. ಮೊದಲ ಉಂಡೆ ಮುಗಿದಿದೆ, ಎರಡನೆಯದು ಅರ್ಧಕ್ಕೆ ಬಂದಿದೆ. ಅದರಲ್ಲಿ ಒಂದಷ್ಟು ಗಜ ಅವಳೇ ನೂತದ್ದು, ದಪ್ಪ ಸಣ್ಣ ಇರುವ ಆ ಜಾಗವನ್ನು ಹಾಗೇ ಬಿಟ್ಟಿದ್ದೇನೆ.