ಕಿಲ್‌ಮಾರ್ಟಿನ್ ಅನ್ನೋ ಊರಿನ ರಿವ್ಯೂ, ಬರೆದವ ಗಂಗಾವತಿಯವ

ಮೊದ್ಲಿಗೇ ಹೇಳಿಬಿಡ್ತೀನ್ರಿ, ಇದು ಹೋಟೆಲ್ ರಿವ್ಯೂ ಅಲ್ಲ, ಪೂರ್ತಿ ಒಂದು ಊರಿನ ರಿವ್ಯೂ. ಊರಂದ್ರ ದೊಡ್ಡದಂತ ತಿಳ್ಕೋಬ್ಯಾಡ್ರಿ, ನಮ್ಮ ಗಂಗಾವತಿ ಸುತ್ತ ಕ್ಯಾಂಪ್ ಅದಾವಲ್ಲ, ಅವುಕ್ಕಿಂತ ಸಣ್ಣದು. ಒಂದು ಚರ್ಚು, ಒಂದು ಮ್ಯೂಸಿಯಂ, ಒಂದು ಹೋಟೆಲ್, ರೋಡಿನ ಬಾಜೂಕ ಒಂದಿಷ್ಟು ಮನಿ, ಮುಗೀತು. ಹೆಸರು ಕಿಲ್‌ಮಾರ್ಟಿನ್, ಸ್ಕಾಟ್ಲೆಂಡಿನ ಪಶ್ಚಿಮ ದಂಡಿಗೆ ಆರ್ಗೈಲ್ ಅನ್ನೋ ಸೀಮ್ಯಾಗ ಬರ್ತೈತಿ, ಅಲ್ಲಿ ಹಳೇ ಗೇಲಿಕ್ ಭಾಷಾದಾಗ ಮಾರ್ಟಿನ್ ಸಂತನ ಗುಡಿ ಅಂತ ಅರ್ಥ ಅಂತ. ಈ ಊರಿನ ಸುತ್ತ 6 ಮೈಲಿನೊಳಗ 800ಕ್ಕೂ ಹೆಚ್ಚು ಹಳೇ ಸ್ಮಾರಕ ಅದಾವ, ಅದ್ರಾಗ 150 ಇತಿಹಾಸಕ್ಕಿಂತ ಮೊದ್ಲಿನ ಕಾಲದ್ದು. ಕಲ್ಲಿನ ಗೋರಿ, ನಿಲ್ಲಿಸಿದ ಕಲ್ಲು, ಕಲ್ಲಿನ ಮ್ಯಾಲೆ ಕೆತ್ತಿದ ಸುತ್ತು. ಎಲ್ಲಾ ಕುರಿ ಮೇಯೋ ಹುಲ್ಲಿನ ನಡುವ ಹಂಗ ನಿಂತಾವ.

ನಮ್ಮ ಮಗಳು ಅಳಿಯ ಗ್ಲಾಸ್ಗೋದಾಗ ಇರ್ತಾರ, ಮೊಮ್ಮಗನ್ನ ನೋಡ್ಕೊಳ್ಳಾಕ ಅಂತ ನಾನು ನಮ್ಮಾಕಿ ಮೇ ಜೂನ್ ಎರಡು ತಿಂಗಳು ಹೋಗಿದ್ವಿ. ಎಡಿನ್‌ಬರ ಕೋಟಿ, ಲಾಕ್ ನೆಸ್ ಎಲ್ಲಾ ತೋರಿಸಿದ್ರು, ಛಲೋ ಅದಾವ, ಅವುನ್ನ ಬರಿಯೋರು ಸಾವಿರ ಮಂದಿ ಅದಾರ. ಒಂದಿನ ಊಟಕ್ಕ ಕುಂತಾಗ ಅಳಿಯ "ಮಾವಾರ, ನೀವು ಹಿರೇಬೆಣಕಲ್ ಹಿರೇಬೆಣಕಲ್ ಅಂತಿರ್ತೀರಲ್ಲ, ಅಂಥಾ ಕಲ್ಲು ಇಲ್ಲಿ ಒಂದು ಕಣಿವ್ಯಾಗ ಅದಾವಂತ, ಹೋಗೂಣೇನ್ರಿ" ಅಂದ. ನಾನು ಬಾಯಿ ತಗಿಯೂದ್ರೊಳಗ ನಮ್ಮಾಕಿ, "ಮೊರೇರ ಮನಿ ನೋಡಾಕ ಇಮಾನ ಹತ್ತಿ ಬರಬೇಕಿತ್ತೇನ, ಊರ ಮಗ್ಗಲ ಗುಡ್ಡದಾಗ ಇದ್ದುದ್ದನ್ನ ನನಗ ಒಂದಿನ ತೋರಿಸಲಿಲ್ಲ" ಅಂದ್ಲು. ಹಿರೇಬೆಣಕಲ್ ಅಂದ್ರ ನಮ್ಮ ಗಂಗಾವತಿ ಹತ್ರದ ಗುಡ್ಡ, ಮ್ಯಾಲೆ ಹಳೇ ಕಲ್ಲಿನ ಗೋರಿ ಅದಾವ, ಅವುನ್ನ ಮೊರೇರು ಅನ್ನೋ ಮೂರಡಿ ಮಂದಿ ಕಟ್ಟಿದ ಮನಿ ಅಂತ ನಮ್ಮ ಕಡಿಯವರು ಹೇಳ್ತಾರ. ನಮ್ಮಾಕಿ ಮಾತು ಖರೆ. ಗೆಳೆಯರ ಜೋಡಿ ನಾನು ಹತ್ತು ಸಲ ಹತ್ತಿರಬೇಕು, ಆಕಿನ್ನ ಒಂದ್ಸಲನೂ ಕರಕೊಂಡು ಹೋಗಿಲ್ಲ. ಸುಮ್ಮನ ರೊಟ್ಟಿ ಮುರದೆ.

ಗ್ಲಾಸ್ಗೋದಿಂದ ಕಾರಿನ್ಯಾಗ ಎರಡೂವರಿ ತಾಸು, ನಮಗ ನಾಲ್ಕು ಆತು, ಯಾಕಂದ್ರ ನಮ್ಮಾಕಿ ಕಂಡ ಕಂಡ ನೀರಿಗೆಲ್ಲಾ ಗಾಡಿ ನಿಲ್ಲಿಸು ಅಂತಿದ್ಲು. ಲಾಕ್ ಲೋಮಂಡ್ ಅನ್ನೋ ಕೆರಿ ದಂಡಿ ಹಿಡದು ಹೋಗಿ, ಆಮ್ಯಾಲ ಘಾಟು ಹತ್ತಬೇಕು, ಆ ಘಾಟಿನ ಹೆಸರ "ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್", ಹತ್ತಿ ಬಂದಿ, ಕುಂದ್ರು, ದೇವರಿಗೆ ಕೈ ಮುಗಿ ಅಂದಂಗ. ಆಮ್ಯಾಲ ಇನ್ವರೇರಿ, ಲಾಕ್‌ಗಿಲ್ಪ್‌ಹೆಡ್, ಅಲ್ಲಿಂದ 8 ಮೈಲು ಉತ್ತರಕ್ಕ ಕಿಲ್‌ಮಾರ್ಟಿನ್. ಕಾರಿಲ್ಲದ ಹೋಗೋರು ಭಾಳ ಯೋಚನಿ ಮಾಡ್ರಿ. ಓಬನ್ ಕಡಿಂದ ಬಸ್ ಐತಿ, ಆದ್ರ ದಿನಕ್ಕ ಕೆಲವೇ ಬಸ್, ಒಂದು ತಪ್ಪಿದ್ರ ನಿಂತಲ್ಲೇ ಬೇರು ಬಿಡ್ತೀರಿ.

ಈಗ ಕಲ್ಲಿಗೆ ಬರ್ತೀನಿ, ಅದಕ್ಕೇ ಹೋಗಿದ್ದು.

ಊರಿನ ಕೆಳಗ ಕಣಿವ್ಯಾಗ ಒಂದೇ ಗೆರಿ ಹೊಡದಂಗ ಐದು ಕಲ್ಲಿನ ಗುಡ್ಡೆ ಅದಾವ, ಗ್ಲೀಬ್ ಕೇರ್ನ್ ಅಂತ ಶುರುವಾಗಿ, ನೆದರ್ ಲಾರ್ಗಿ ಉತ್ತರ, ನಡುವಿಂದು, ದಕ್ಷಿಣ, ಕೊನಿಗೆ ರಿ ಕ್ರೂಯಿನ್. ನೆದರ್ ಲಾರ್ಗಿ ದಕ್ಷಿಣ ಎಲ್ಲಾಕಿಂತ ಹಳೇದು, 5000 ವರ್ಷಕ್ಕೂ ಮ್ಯಾಲಿಂದು, ಒಳಗ ಬಗ್ಗಿ ಹೋಗಬಹುದು. ಎರಡೂ ಕಡೆ ಚಪ್ಪಡಿ, ಮ್ಯಾಲೆ ದೊಡ್ಡ ಹಾಸುಗಲ್ಲು, ನೆಲದಾಗ ಅಡ್ಡ ಕಲ್ಲು ಇಟ್ಟು ನಾಲ್ಕು ಖೋಲಿ ಮಾಡ್ಯಾರ. ನಾನು ಒಳಗ ಕುಂತೆ. ಹೊರಗ ಮಳಿ ಹನಿ, ಒಳಗ ಬೆಚ್ಚಗ. ಖರೆ ಹೇಳ್ತೀನಿ, ಆ ಹೊತ್ತಿಗೆ ನಾನು ಸ್ಕಾಟ್ಲೆಂಡಿನ್ಯಾಗ ಅದೀನಿ ಅನ್ನೋದೇ ಮರ್ತು ಹೋತು, ನಮ್ಮ ಗುಡ್ಡದ ಮ್ಯಾಲಿನ ಗೂಡಿನ್ಯಾಗ ಮಧ್ಯಾಹ್ನದ ಬಿಸಿಲಿಗೆ ತಪ್ಪಿಸ್ಕೊಂಡು ಕುಂತಂಗ ಅನಿಸ್ತು. ವಾಸನಿ ಮಾತ್ರ ಬ್ಯಾರೆ, ಇಲ್ಲಿ ಹಸಿ ಹುಲ್ಲು ಮತ್ತ ಕುರಿ ಹಿಕ್ಕಿ, ಅಲ್ಲಿ ಬಾವಲಿ.

ನೆದರ್ ಲಾರ್ಗಿ ಉತ್ತರ ಅನ್ನೋ ಗುಡ್ಡೆಯಾಗ ಇನ್ನೊಂದು ಮಜಾ ಐತಿ. 1930ರಾಗ ಅಗದ ಮ್ಯಾಲ ಗುಡ್ಡೆ ಒಳಗ ಒಂದು ಸಣ್ಣ ಖೋಲಿ ಮಾಡಿ ಮ್ಯಾಲೆ ಜರಗಿಸೋ ಮುಚ್ಚಳ ಇಟ್ಟಾರ, ಮುಚ್ಚಳ ಸರಿಸಿ ಕೆಳಗ ಇಳದ್ರ ಹೆಣದ ಪೆಟಿಗಿ ಮ್ಯಾಲಿನ ಹಾಸುಗಲ್ಲಿಗೆ ಕೊಡಲಿ ಚಿತ್ರ ಕೆತ್ತಿದ್ದು ಕಾಣ್ತೈತಿ, ಕಂಚಿನ ಯುಗದ ಕೊಡಲಿ. ಕಾವಲುಗಾರ ಇಲ್ಲ, ಟಿಕೆಟ್ ಇಲ್ಲ, ಬೀಗ ಇಲ್ಲ, ನೋಡಿ ಹತ್ತಿ ಬಂದು ಮುಚ್ಚಳ ಮುಚ್ಚಬೇಕು, ಅಷ್ಟ. ನಮ್ಮ ಮೊಮ್ಮಗ ನಾಲ್ಕು ಸಲ ಇಳದು ಹತ್ತಿದ. ನಾನು ಗ್ವಾಡಿ ಎಲ್ಲಾ ಬ್ಯಾಟರಿ ಹಾಕಿ ನೋಡಿದೆ, ಒಂದು ಹೆಸರು ಬರದಿಲ್ಲ, ಒಂದು ಬಾಣದ ಗುರುತಿನ ಹೃದಯ ಇಲ್ಲ.

ಬಾಜೂಕ ಟೆಂಪಲ್ ವುಡ್ ಅಂತ ಕಲ್ಲಿನ ವೃತ್ತ ಐತಿ, ಹೆಸರು ಕೇಳಿ ನಮ್ಮಾಕಿ ಚಪ್ಪಲಿ ಬಿಡಾಕ ಹೋದ್ಲು, ಗುಡಿ ಗಿಡಿ ಏನಿಲ್ಲ, ಹೆಸರಷ್ಟ ನಂತರದವರು ಇಟ್ಟಿದ್ದು. ಅಲ್ಲಿ ಒಂದು ಕಲ್ಲಿಗೆ ಸುರುಳಿ ಕೆತ್ತ್ಯಾರ, ನೋಡಾಕ ಹುಡುಕಬೇಕು, ಬೆಳಕು ಓರೆ ಬಿದ್ದಾಗಷ್ಟ ಕಾಣ್ತೈತಿ. ಸುರುಳಿ, ಸುತ್ತು ಇನ್ನೂ ಬೇಕಂದ್ರ ಲಾಕ್‌ಗಿಲ್ಪ್‌ಹೆಡ್ ಕಡೆ ಅಖ್ನಬ್ರೆಕ್ ಅನ್ನೋ ಬಂಡಿಗಲ್ಲಿಗೆ ಹೋಗ್ರಿ, ಕಾಡಿನೊಳಗ ಬಂಡಿ ತುಂಬ ಬಟ್ಟಲು ಮತ್ತ ಬಳಿ ಆಕಾರದ ಕೆತ್ತನಿ, ಯಾಕ ಮಾಡಿದ್ರು ಯಾರಿಗೂ ತಿಳಿದಿಲ್ಲ. ಬಳ್ಳಾರಿ ಮಂದಿಗೆ ಹೇಳ್ಬೇಕಂದ್ರ ನಮ್ಮ ಕಪ್ಪಗಲ್ಲು ಗುಡ್ಡದ ಕೆತ್ತನಿ ನೆನಪಾಗ್ತೈತಿ, ಆದ್ರ ಅಲ್ಲಿ ಎತ್ತು, ಮನುಷ್ಯಾರು ಎಲ್ಲಾ ಅದಾರ, ಇಲ್ಲಿ ಬರೇ ಸುತ್ತು. ಚಿತ್ರದಾಗ ನಮ್ಮವರು ಗೆದ್ದ್ರು ಅಂತ ನನ್ನ ಲೆಕ್ಕ. ಇವರ ಬಂಡಿಗೆ ಮಾತ್ರ ಕ್ವಾರಿಯವರು ಮದ್ದು ಇಟ್ಟಿಲ್ಲ.

ಹೋಲಿಕಿ ಮಾಡಬಾರದು ಅಂತಾರ, ನಾನಂತೂ ಮಾಡಿದೆ. ವಯಸ್ಸಿನ್ಯಾಗ ಕಿಲ್‌ಮಾರ್ಟಿನ್ ದೊಡ್ಡದು, ನಮ್ಮ ಹಿರೇಬೆಣಕಲ್ ಗೋರಿ ಕ್ರಿಸ್ತಪೂರ್ವ 800ರಿಂದ 200ರ ನಡುವಿಂದು ಅಂತಾರ, ಇಲ್ಲಿ ಹಳೇವು ಅದಕ್ಕಿಂತ ಎರಡು ಸಾವಿರ ವರ್ಷ ಮೊದ್ಲಿನವು. ಆದ್ರ ಒಂದೇ ಗುಡ್ಡದ ಮ್ಯಾಲೆ ಹತ್ತಿರ ಹತ್ತಿರ 400 ಗೋರಿ, ಚಪ್ಪಡಿಗೆ ದುಂಡಗ ಕೊರೆದ ಕಿಂಡಿ, ಬಡದ್ರ ಢಂ ಅನ್ನೋ ನಗಾರಿ ಬಂಡಿ, ಇದು ಇಲ್ಲೆಲ್ಲೂ ಕಾಣಲಿಲ್ಲ. ಸುರಪುರದಾಗ ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ 19ನೇ ಶತಮಾನದಾಗ ನಮ್ಮ ಕಡಿ ಕಲ್ಲು ನೋಡಿ ಇವು ಯುರೋಪಿನ ಹಳೇ ಸೆಲ್ಟಿಕ್ ಮಂದಿ ಕಲ್ಲಿನಂಗ ಅದಾವಲ್ಲ, ಒಂದೇ ಕುಲ ಇರಬಹುದೇನೋ ಅಂತ ಬರದಿದ್ದ. ಇವತ್ತು ಅದನ್ನ ಯಾರೂ ಒಪ್ಪಂಗಿಲ್ಲ, ನಡುವ ಸಾವಿರಾರು ವರ್ಷ ಸಾವಿರಾರು ಮೈಲು. ಆದ್ರ ಆ ಗೂಡಿನ್ಯಾಗ ಕುಂತಾಗ ಪಾಪ ಆತಗ ಯಾಕ ಹಂಗ ಅನಿಸ್ತು ಅಂತ ತಿಳೀತು. ನಮ್ಮಾಕಿ ಬ್ಯಾರೆ ಪ್ರಶ್ನಿ ಕೇಳಿದ್ಲು, "ಇಲ್ಲಿ ಇವನ್ನ ಮೂರಡಿ ಮೊರೇರು ಕಟ್ಟ್ಯಾರಂತಾರೇನ?" ಮಗಳು ಬೋರ್ಡ್ ಪೂರ್ತಿ ಓದಿ ಇಲ್ಲವ್ವಾ ಅಂದ್ಲು. ಕಥಿ ವಿಷಯದಾಗೂ ನಾವೇ ಮುಂದ.

ಬೋರ್ಡು ಅಂದೆ ನೋಡ್ರಿ, ಅದೇ ನನ್ನ ಹೊಟ್ಟಿ ಉರಿಸಿದ್ದು. ಸಣ್ಣ ಬೋರ್ಡು, ಸೊಂಟದ ಎತ್ತರ, ಕಲ್ಲಿಗೆ ಅಡ್ಡ ಬರದಂಗ ನಿಲ್ಲಿಸಿ ಎರಡು ಚಿತ್ರ ನಾಲ್ಕು ಸಾಲು. ಕಾರ್ ನಿಲ್ಲಿಸಾಕ ಜಾಗ, ಹೊಲದಾಗ ದಾಟಾಕ ಗೇಟು, ಕುಂದ್ರಾಕ ಬೆಂಚು. ಹೊಲ ಯಾರದೋ ರೈತಂದು, ಆದ್ರ 2003ರ ಕಾಯ್ದೆ ಪ್ರಕಾರ ಅಲ್ಲಿ ಬೆಳಿ ತುಳೀದಂಗ, ಗೇಟು ಮುಚ್ಕೊಂಡು ಯಾರು ಬೇಕಾದ್ರೂ ನಡೀಬಹುದಂತ, ನಾಯಿ ಇದ್ರ ಹಗ್ಗ ಹಿಡೀಬೇಕು ಅಷ್ಟ. ನಮ್ಮ ಗುಡ್ಡ 2021ರಾಗ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರೇತಿ, ಖುಷಿ ವಿಷಯ, ಆದ್ರ ಹತ್ತೋವಾಗ ದಾರಿ ತಪ್ಪಿದ್ರ ಕುರಿಗಾಹಿ ಹುಡುಗರನ್ನ ಕೇಳಬೇಕು, ನೀರು ನಾವೇ ಹೊರಬೇಕು, ಮ್ಯಾಲೆ ಹೋದ್ರ ನಿಧಿ ಹುಡುಕೋರು ಅಗದ ತಗ್ಗು. ಆದ್ರ ಒಂದು, ಸ್ಕಾಟ್ಲೆಂಡಿನವರು ಹುಟ್ಟಿನಿಂದ ಶಾಣ್ಯಾರ ಅಂತಲ್ಲ, ಇಲ್ಲೂ ಹಿಂದಕ ಗುಡ್ಡೆಯಾಗಿನ ಕಲ್ಲು ಕಿತ್ತು ರೋಡಿಗೆ, ಹೊಲದ ಗ್ವಾಡಿಗೆ ಹಾಕ್ಯಾರ. ಆಮ್ಯಾಲ ಬುದ್ಧಿ ಬಂದೈತಿ.

ಮ್ಯೂಸಿಯಂ 1997ರಾಗ ಶುರುವಾಗಿದ್ದು, ದೊಡ್ಡದಾಗಿ ಕಟ್ಟಿ 2023ರಾಗ ಮತ್ತ ತಗದಾರ. ಇದಕ್ಕ ಟಿಕೆಟ್ ಐತಿ, ರೂಪಾಯಿಗೆ ಲೆಕ್ಕ ಹಾಕ್ಬ್ಯಾಡ್ರಿ, ಹಾಕಿದ್ರ ಒಳಗ ಹೋಗಂಗಿಲ್ಲ. ಒಳಗ ಆ ಗೋರ್ಯಾಗ ಸಿಕ್ಕ ಮಡಿಕಿ, ಕಲ್ಲಿನ ಸಾಮಾನು ಅದಾವ, ಅಗದಲ್ಲೇ ಇಟ್ಕೊಂಡಾರ ಅನ್ನೋದು ನನಗ ಹಿಡಿಸ್ತು, ಮಡಿಕಿ ನೋಡಿ ಕಿಟಕಿಯಾಗ ಹಣಿಕಿದ್ರ ಆ ಕಣಿವಿನೇ ಕಾಣ್ತೈತಿ. ಕಲ್ಲು ನೋಡೋಕ್ಕಿಂತ ಮೊದ್ಲ ಮ್ಯೂಸಿಯಂ ನೋಡ್ರಿ, ನಾವು ಉಲ್ಟಾ ಮಾಡಿ ಕೆಟ್ವಿ. ಬಾಜೂಕ ಚರ್ಚಿನ ಅಂಗಳದಾಗ ನಡುಗಾಲದ ಸಮಾಧಿ ಹಾಸುಗಲ್ಲು ಅದಾವ, ಕತ್ತಿ, ಬಳ್ಳಿ, ಸೈನಿಕರು, ನಮ್ಮ ವೀರಗಲ್ಲು ಮಲಗಿಸಿದಂಗ.

ಊಟದ್ದು ಹೇಳಿಬಿಡ್ತೀನಿ. ನಾವು ಸಸ್ಯಾಹಾರಿ. ಕೆಫೆದಾಗ ಬ್ಯಾಳಿ ಸೂಪು ಸಿಕ್ತು, ಬಿಸಿ ಇತ್ತು, ಉಪ್ಪು ಇತ್ತು, ಖಾರ ಅನ್ನೋದು ಆ ದೇಶಕ್ಕ ಇನ್ನೂ ಮುಟ್ಟಿಲ್ಲ. ಸ್ಕೋನ್ ಅಂತ ದಪ್ಪನ ಬನ್ನು, ಬೆಣ್ಣಿ ಜ್ಯಾಮ್ ಹಚ್ಚಿ ತಿಂದ್ರ ಚಹಾ ಜೋಡಿ ಅಡ್ಡಿಲ್ಲ. ಹ್ಯಾಗಿಸ್ ಅಂತ ಕುರಿ ಕರುಳು ಗಿರುಳು ಹಾಕಿ ಮಾಡೋದು ಅವರ ದೊಡ್ಡ ಊಟ, ಅದರದ್ದ ಓಟ್ಸ್ ಬ್ಯಾಳಿ ಹಾಕಿದ ಸಸ್ಯಾಹಾರಿ ನಮೂನಿನೂ ಸಿಗ್ತೈತಿ, ಅಳಿಯ ತಿಂದ, ನಮ್ಮಾಕಿ ಹೆಸರು ಕೇಳೇ ಎದ್ದು ಹೋದ್ಲು. ನಾವು ಹೆಂಗೂ ಕಡಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಒಯ್ದಿದ್ವಿ.

ಉಳದದ್ದು ಊರಿನಿಂದ ಸ್ವಲ್ಪ ದೂರದ ಒಂದು ತ್ವಾಟದ ಮನ್ಯಾಗ, ಖೋಲಿ ಮತ್ತ ಮುಂಜಾನಿ ನಾಷ್ಟಾ ಕೊಡ್ತಾರ, ಹೆಸರು ಹೇಳಂಗಿಲ್ಲ ಯಾಕಂದ್ರ ಒಂದು ತಕರಾರು ಐತಿ. ಬುಕಿಂಗ್‌ನಾಗ ಬಿಸಿನೀರು ಇಡೀ ದಿನ ಅಂತ ಬರದಿದ್ರು, ಎರಡನೇ ಮಂದಿ ಸ್ನಾನಕ್ಕೇ ನೀರು ಮಂಜಾತು, ಕೇಳಿದ್ರ ಸಾರಿ ಸಾರಿ ಅಂತ ಹತ್ತು ಸಲ ಅಂದ್ರು, ನೀರು ಮಾತ್ರ ಕಾಯಲಿಲ್ಲ. ಮ್ಯಾಪು ಬ್ಯಾರೆ ಯಾರದೋ ಕುರಿ ದೊಡ್ಡಿಗೆ ಕರಕೊಂಡು ಹೋಗಿತ್ತು. ಆದ್ರ ಆ ಮನಿ ಅಜ್ಜಿ ಭಾಳ ಛಲೋ. ನಮ್ಮ ಕಡಕ ರೊಟ್ಟಿ ನೋಡಿ ಕೇಳಿ ಇಸ್ಕೊಂಡ್ಲು, ಮುರದು ತಿಂದು, ಒಳಗ ಹೋಗಿ ಓಟ್‌ಕೇಕ್ ಅಂತ ತಂದು ಕೊಟ್ಲು, ಓಟ್ಸ್ ಹಿಟ್ಟಿನ್ದು, ಗಟ್ಟಿ, ಒಣ. ಎರಡೂ ಒಂದೇ ಜಾತಿ. ನಮ್ಮಾಕಿಗೆ ಇಂಗ್ಲಿಷ್ ಬರಂಗಿಲ್ಲ, ಆಕಿಗೆ ಕನ್ನಡ ಬರಂಗಿಲ್ಲ, ಅರ್ಧ ತಾಸು ಇಬ್ಬರೂ ಒಲಿ ಮುಂದ ನಿಂತು ಮಾತಾಡಿದ್ರು, ಏನು ಅಂತ ಇನ್ನೂ ನಮಗ ಹೇಳಿಲ್ಲ. ಚಟ್ನಿ ಮಾತ್ರ ಅಜ್ಜಿ ಒಂದು ಚಿಟಿಕಿ ನಾಲಗಿಗೆ ಇಟ್ಟು ಕಣ್ಣೀರು ಹಾಕಿದ್ಲು.

ದೊಡ್ಡ ತಕರಾರು ಅಂದ್ರ ಮಿಡ್ಜ್. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ, ಗಾಳಿ ನಿಂತು ಮೋಡ ಮುಸುಕಿದ್ರ ಸಂಜಿಕ ಮೋಡದಂಗ ಬಂದು ಮುಕುರ್ತಾವ. ಗಂಗಾವತಿ ಭತ್ತದ ಗದ್ದಿ ಸೊಳ್ಳಿ ಕಚ್ಚಿಸ್ಕೊಂಡು ಬೆಳದ ನಾನು, ಸೊಳ್ಳಿಗೆ ನಾನೇನು ಅಂಜಂಗಿಲ್ಲ ಅಂದಿದ್ದೆ, ಹತ್ತು ಮಿನಿಟಿಗೆ ಕಾರಿನ್ಯಾಗ ಓಡಿ ಹೋಗಿ ಗ್ಲಾಸ್ ಏರಿಸಿದೆ. ಗಾಳಿ ಇದ್ರ ಒಂದೂ ಬರಂಗಿಲ್ಲ. ಮುಖಕ್ಕ ಹಾಕೋ ಬಲಿ ಸಿಗ್ತೈತಿ, ನಾಚಿಕಿ ಬಿಟ್ಟು ತಗೊಳ್ರಿ. ಮತ್ತ ಹುಲ್ಲಿನ್ಯಾಗ ಉಣ್ಣಿ ಇರ್ತಾವ, ಕಾಲುಚೀಲದೊಳಗ ಪ್ಯಾಂಟ್ ಸಿಗಿಸ್ಕೊಂಡು ಅಡ್ಡಾಡ್ರಿ.

ಮರುದಿನ ಡುನಾಡ್ ಗುಡ್ಡ ಹತ್ತಿದ್ವಿ, ಇದನ್ನ ಬಿಡಬ್ಯಾಡ್ರಿ. ಬಯಲಿನ ನಡುವ ಒಂಟಿ ಬಂಡಿಗುಡ್ಡ, ಸುತ್ತ ಕೆಸರು ಜೌಗು, ಮೊಯಿನ್ ವೋರ್ ಅಂತಾರ. ಸುಮಾರು 1500 ವರ್ಷದ ಹಿಂದ ದಾಲ್ ರಿಯಾಟ ಅನ್ನೋ, ಗೇಲಿಕ್ ಮಾತಾಡೋ ಗೇಲ್ ಮಂದಿ ರಾಜ್ಯಕ್ಕ ಇದೇ ಗದ್ದಿಗಿ. ತುದಿಗೆ ಬಂಡಿ ಮ್ಯಾಲೆ ಒಂದು ಪಾದದ ಗುರುತು, ಹೊಸ ರಾಜ ಅದ್ರಾಗ ಕಾಲಿಟ್ಟು ಪಟ್ಟ ಏರ್ತಿದ್ದ ಅಂತ ನಂಬಿಕಿ. ಈಗ ಕಾಣೋದು ಅಸಲಿ ಅಲ್ಲ, ಅಸಲಿ ಸವೀಬಾರದಂತ ಮ್ಯಾಲೆ ನಕಲಿ ಮುಚ್ಚ್ಯಾರ, ಆದ್ರೂ ಸಾಲು ಹಚ್ಚಿ ಎಲ್ಲಾರೂ ಕಾಲಿಡ್ತಾರ, ನಾನೂ ಇಟ್ಟೆ, ನನ್ನ ಪಾದಕ್ಕ ಸ್ವಲ್ಪ ಬಿಗಿ ಆತು. ಕೊಪ್ಪಳ ಸೀಮ್ಯಾಗ ಬಂಡಿ ಮ್ಯಾಲೆ ಪಾದ ಕಂಡ್ರ ಕುಂಕುಮ ಹಚ್ಚಿ ಕಾಯಿ ಒಡಿತೀವಿ, ಇಲ್ಲಿ ಬೂಟು ಹಾಕ್ಕೊಂಡೇ ಒಳಗ ಕಾಲಿಡ್ತಾರ, ನಮ್ಮಾಕಿ ಇಡಲಿಲ್ಲ, ಕೈ ಮುಗಿದು ಬಂದ್ಲು. ಎತ್ತರಕ್ಕ ಅಂಜಬ್ಯಾಡ್ರಿ, ಅಂಜನಾದ್ರಿ ಮೆಟ್ಟಿಲು ಹತ್ತಿದವರಿಗೆ ಇದು ಮನಿ ಮಾಳಗಿ.

ಕ್ರಿನನ್ ಕಾಲುವಿಗೂ ಹೋಗಿ ಬರ್ರಿ, 1801ರಾಗ ಶುರುವಾಗಿದ್ದು, 9 ಮೈಲು ಉದ್ದ, 15 ಲಾಕು. ಕೆರಿಗೆ, ಸಮುದ್ರದ ಒಳಚಾಚಿಗೆ ಲಾಕ್ ಅಂತಾರ, ಕಾಲುವಿ ಗೇಟಿಗೂ ಲಾಕ್ ಅಂತಾರ, ಮಗಳು ಎರಡರ ಉಚ್ಚಾರ ಬ್ಯಾರೆ ಅಂತ ಗಂಟಲು ಕೆರದು ತೋರಿಸಿದ್ಲು, ನನಗ ಬರಲಿಲ್ಲ. ಕಿಂಟೈರ್ ಅನ್ನೋ, ಸಮುದ್ರದಾಗ ಚಾಚಿದ ನೆಲದ ಉದ್ದನ ಮೂಗು ಸುತ್ತಿ ಹೋಗೋ ಬದಲಿ ದೋಣಿ ಸೀದಾ ದಾಟಲಿ ಅಂತ ಮಾಡಿದ್ದು. ಗೇಟು ಮುಚ್ಚಿ, ನೀರು ತುಂಬಿಸಿ, ದೋಣಿ ಏರಿಸಿ, ಮುಂದಿನ ಗೇಟು ತಗೀತಾರ, ನಾನು ಒಂದು ತಾಸು ಅಲ್ಲೇ ನಿಂತೆ. ನಮ್ಮ ತುಂಗಭದ್ರಾ ಎಡದಂಡಿ ಕಾಲುವಿ ಗೇಟಿನ ಮುಂದ ಕೆಳಭಾಗದ ರೈತರ ಜಗಳಷ್ಟ ನೋಡಿ ಗೊತ್ತಿದ್ದವಂಗ ಗೇಟಿನ ಮುಂದ ಇಷ್ಟು ಶಾಂತಿ ಹೊಸದು.

ಸ್ಟಾರ್ ಕೊಡಬೇಕಂದ್ರ ಕಲ್ಲಿಗೆ 5, ಮ್ಯೂಸಿಯಂಗೆ 4, ಊಟಕ್ಕ 2, ಬಿಸಿನೀರಿಗೆ ಅರ್ಧ. ಜೂನ್‌ನಾಗ ರಾತ್ರಿ ಹತ್ತರ ತನಕ ಬೆಳಕಿರ್ತೈತಿ, ಸಂಜಿ ಎಂಟಕ್ಕ ಬಸ್ಸಿನ ಮಂದಿ ಹೋದ ಮ್ಯಾಲ ಕಲ್ಲಿನ ಹತ್ರ ಹೋಗ್ರಿ, ಗಾಳಿ ಇದ್ರ ಮಾತ್ರ. ಕಿರಾಣಿ, ಔಷಧಿ ಏನು ಬೇಕಂದ್ರೂ ಲಾಕ್‌ಗಿಲ್ಪ್‌ಹೆಡ್‌ನಾಗೇ ತಗೊಂಡು ಬರ್ರಿ. ರೇನ್‌ಕೋಟ್ ಬೇಕೇ ಬೇಕು, ಛತ್ರಿ ಗಾಳಿಗೆ ಉಲ್ಟಾ ಆಗ್ತೈತಿ.

ವಾಪಸ್ ಬಂದ ಮ್ಯಾಲ ಡಿಸೆಂಬರ್‌ನಾಗ ನಮ್ಮಾಕಿನ್ನ ಹಿರೇಬೆಣಕಲ್ ಗುಡ್ಡಕ್ಕ ಕರಕೊಂಡು ಹೋದೆ. ಎರಡು ಬಾಟ್ಲಿ ನೀರು, ಬುತ್ತಿ, ಒಂದು ಕೋಲು. ಅರ್ಧ ಹತ್ತಿ ಮೊಣಕಾಲು ಹಿಡ್ಕೊಂಡು ಬಂಡಿ ಮ್ಯಾಲೆ ಕುಂತ್ಲು, ಸುತ್ತ ಒಂದ್ಸಲ ನೋಡಿದ್ಲು, "ಅಲ್ಲೆ ಬೆಂಚರೆ ಇದ್ದುವು" ಅಂದ್ಲು. ಆಮ್ಯಾಲ ಎದ್ದು ತುದಿ ತನಕ ಹತ್ತಿದ್ಲು, ನಗಾರಿ ಬಂಡಿಗೆ ಕಲ್ಲು ತಗೊಂಡು ಮೂರು ಸಲ ಬಡದ್ಲು, ಕೆಳಗ ಕುರಿ ಕಾಯೋ ಹುಡುಗ ಯಾರೋ ಕೂಗಿದ.