ಸಿಂಕ್ ಪೈಪಿಗೆ ಕಟ್ಟು ಬಿಡಿಸೋ ಪುಡಿ ಹಾಕಿಸಿದ್ದರೆ ವಾಷಿಂಗ್ ಮೆಷಿನ್ ಆನ್ ಮಾಡಬೇಡಿ

ವಾಷಿಂಗ್ ಮೆಷಿನ್ ನೀರು ಬಿಟ್ಟಾಗಲೆಲ್ಲ ಅಡುಗೆಮನೆ ಸಿಂಕಿನಲ್ಲಿ ಉಕ್ಕಿ ಬರ್ತಿದೆ ಅಂತ ಹೇಳಿ ನೋಡಿ, ಯಾರಾದರೊಬ್ಬರು "ಅಂಗಡೀಲಿ ಪುಡಿ ಸಿಗುತ್ತೆ, ಸುರಿದುಬಿಡಿ, ಸರಿಹೋಗುತ್ತೆ" ಅಂದೇ ಅಂತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಬೇರೆಯವರು ಮಾಡೋಕೆ ಬಂದರೂ ಬಿಡಬೇಡಿ. ನಮ್ಮ ಅತ್ತೆಯ ಬಲಗೈ ಮಣಿಕಟ್ಟಿನ ಸುತ್ತ ಸುಟ್ಟ ಕಲೆ ಇನ್ನೂ ಹೋಗಿಲ್ಲ.

ನಾವಿರೋದು ತುಮಕೂರಿನ ಶಿರಾ ಗೇಟ್ ಕಡೆ, ಬಾಡಿಗೆ ಮನೆಯಲ್ಲಿ. ಮೆಷಿನ್ ಇಟ್ಟಿರೋದು ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿ. ಮನೆ ಕಟ್ಟುವಾಗ ಮೆಷಿನ್‌ಗೆ ಅಂತ ಬೇರೆ ಲೈನ್ ಕೊಟ್ಟಿಲ್ಲ, ಸಿಂಕಿನ ಪೈಪಿಗೇ ಒಂದು ಟೀ (ಮೂರು ಬಾಯಿಯ T ಆಕಾರದ ಜಾಯಿಂಟ್) ಹಾಕಿ ಸೇರಿಸಿದ್ದಾರೆ. ಎಷ್ಟೋ ಮನೆಗಳಲ್ಲಿ ಹೀಗೇ ಇದೆ. ಪೈಪ್ ಅರ್ಧ ಕಟ್ಟಿದ್ದರೂ ಪಾತ್ರೆ ತೊಳೆದ ನೀರು ನಿಧಾನಕ್ಕೆ ಇಳಿದು ಹೋಗುತ್ತೆ, ನಮಗೆ ಗೊತ್ತೇ ಆಗಲ್ಲ. ಮೆಷಿನ್ ಹಾಗಲ್ಲ, ಅದರಲ್ಲಿ ಪಂಪ್ ಇದೆ. ನಿಮಿಷಕ್ಕೆ 15-20 ಲೀಟರ್ ನೀರನ್ನು ಒಂದೇ ಸಮ ತಳ್ಳುತ್ತೆ. ಮುಂದಕ್ಕೆ ಹೋಗೋಕೆ ದಾರಿ ಇಲ್ಲದಿದ್ದರೆ ಆ ನೀರು ಪಕ್ಕದಲ್ಲಿ ತೆರೆದಿರೋ ಬಾಯಿಯಿಂದ ಮೇಲೆ ಬರುತ್ತೆ. ಆ ಬಾಯಿ ಸಿಂಕಿಂದು.

ಓನರ್‌ಗೆ ಹೇಳಿದೆವು, ಅವರು ಒಬ್ಬ ಪ್ಲಂಬರ್‌ನ ಕಳಿಸಿದರು. ಬಂದವನು ಪೈಪ್ ಬಿಚ್ಚಲೂ ಇಲ್ಲ, ಕೆಳಗೆ ಮನೆಯ ಕೊಳಚೆ ನೀರು ಬಂದು ಸೇರೋ ಗುಂಡಿ, ಅಂದರೆ ಚೇಂಬರ್, ಅದರ ಮುಚ್ಚಳ ತೆಗೆದು ನೋಡಲೂ ಇಲ್ಲ. "ಬಿಚ್ಚೋದೆಲ್ಲ ಬೇಡಕ್ಕ, ಪುಡಿ ಹಾಕ್ತೀನಿ, ಬೆಳಗಾಗೋಷ್ಟರಲ್ಲಿ ಕರಗಿಹೋಗಿರುತ್ತೆ" ಅಂದ. ನಿಂತ ನೀರಿಗೇ ಬಿಳಿ ಪುಡಿ ಸುರಿದ, ಖಾಲಿ ಪ್ಯಾಕೆಟ್ಟನ್ನೂ ತಾನೇ ತಗೊಂಡು ಹೋದ. ರಾತ್ರಿ ಸಿಂಕ್ ಬಳಸಬೇಡಿ ಅಂದನೇ ಹೊರತು ಮೆಷಿನ್ ವಿಷಯ ಒಂದು ಮಾತೂ ಎತ್ತಲಿಲ್ಲ.

ಮರುದಿನ ಹೇಮಾವತಿ ನೀರು ಬಿಟ್ಟರು. ನಲ್ಲಿ ನೀರು ಬರೋ ದಿನ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಬಟ್ಟೆ ಒಗೆಯೋ ಕೆಲಸ. ಬೋರ್ ನೀರು ಗಡಸು, ಅದರಲ್ಲಿ ಸೋಪು ನೊರೆ ಕೊಡಲ್ಲ. ಮೆಷಿನ್ ಒಂದು ಸುತ್ತು ಮುಗಿಸಿ ನೀರು ಬಿಟ್ಟಿತು. ಸಿಂಕಿನ ಜಾಲರಿಯಿಂದ ಬೂದು ಬಣ್ಣದ ನೀರು ಗುಳುಗುಳು ಅಂತ ಮೇಲೆ ಬಂತು. ಮುದ್ದೆ ಮಾಡೋ ಅಲ್ಯೂಮಿನಿಯಂ ಪಾತ್ರೆ ಸಿಂಕಿನಲ್ಲೇ ಇತ್ತು. ಅತ್ತೆ ಅದನ್ನು ಎತ್ತಿಟ್ಟು, ಜಾಲರಿಗೆ ಏನು ಸಿಕ್ಕಿದೆಯೋ ಅಂತ ಕೈ ಇಳಿಸಿದರು. "ನೀರು ಎಣ್ಣೆ ಥರ ಜಾರ್ತಿದೆ ಕಣೇ" ಅಂದರು. ಆಗ ಉರಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಳೆ ಕೆಳಗೆ ಚರ್ಮ ಕೆಂಪಾಗಿ, ಆಮೇಲೆ ಬೆಳ್ಳಗೆ ಮೆತ್ತಗಾಯ್ತು. ಕಟ್ಟೆ ಮೇಲಿಟ್ಟ ಪಾತ್ರೆಯ ತಳ ಸುಯ್ ಅಂತ ಸದ್ದು ಮಾಡ್ತಾ ಸಣ್ಣ ಸಣ್ಣ ಗುಳ್ಳೆ ಬಿಡ್ತಿತ್ತು, ನೀರು ತಾಗಿದಷ್ಟು ಜಾಗ ಕಪ್ಪಾಗಿತ್ತು.

ಆ ಪುಡಿ ಕಾಸ್ಟಿಕ್ ಸೋಡಾ. ಜಿಡ್ಡನ್ನು ಸೋಪಾಗಿ ಮಾರ್ಪಡಿಸಿ ಕರಗಿಸೋದೇ ಅದರ ಕೆಲಸ, ನಮ್ಮ ಚರ್ಮದ ಜಿಡ್ಡಿಗೂ ಅದನ್ನೇ ಮಾಡುತ್ತೆ. ಕೈ ಜಾರಿದ್ದು ಅದಕ್ಕೇ. ಮೊದಲು ನೋವು ಇಲ್ಲದೇ ಇರೋದರಿಂದ ಏನೂ ಆಗಿಲ್ಲ ಅಂತ ಅನಿಸುತ್ತೆ, ಅಷ್ಟರಲ್ಲಿ ಅದು ಒಳಗೆ ಇಳಿದಿರುತ್ತೆ. ಅಲ್ಯೂಮಿನಿಯಂ ಅನ್ನು ತಿನ್ನುತ್ತೆ, ಆಗ ಬರೋ ಗುಳ್ಳೆ ಹೈಡ್ರೋಜನ್ ಅನಿಲದ್ದು. ಪಕ್ಕದಲ್ಲೇ ಗ್ಯಾಸ್ ಒಲೆ ಇರೋ ಅಡುಗೆಮನೆಯಲ್ಲಿ ಇದು ನಡೆಯುತ್ತೆ ಅನ್ನೋದನ್ನು ಯೋಚಿಸಿ.

ಗದ್ದಲ ಕೇಳಿ ಬಂದ ಅಕ್ಕಪಕ್ಕದವರು ಟೂತ್‌ಪೇಸ್ಟ್ ಹಚ್ಚಿ ಅಂದರು, ನಿಂಬೆಹಣ್ಣು ಉಜ್ಜಿ ಅಂದರು. ಎರಡೂ ಬೇಡ. ಬಳೆ, ಉಂಗುರ, ವಾಚು ಮೊದಲು ತೆಗೆದುಬಿಡಿ, ಕೈ ಊದಿಕೊಂಡ ಮೇಲೆ ಬರಲ್ಲ. ಹರಿಯೋ ತಣ್ಣೀರಿನ ಕೆಳಗೆ ಕನಿಷ್ಠ 20 ನಿಮಿಷ ಹಿಡಿಯಿರಿ, ಜಾರೋದು ನಿಲ್ಲದಿದ್ದರೆ ಇನ್ನೂ ಹೆಚ್ಚು ಹೊತ್ತು ಹಿಡಿಯಿರಿ. ಆದರೆ ಆ ಸಿಂಕಿನಲ್ಲಿ ತೊಳೆಯಬೇಡಿ, ಬಚ್ಚಲಿಗೆ ಕರ್ಕೊಂಡು ಹೋಗಿ. ಕಣ್ಣಿಗೆ ಹಾರಿದ್ದರೆ ರೆಪ್ಪೆ ಬಿಡಿಸಿ ನೀರು ಬಿಡ್ತಾನೇ ಇರಿ, ಹಾಗೇ 108ಕ್ಕೆ ಫೋನ್ ಮಾಡಿ. ಕಣ್ಣಿನ ವಿಷಯದಲ್ಲಿ ಕಾಯೋ ಹಾಗೇ ಇಲ್ಲ.

ಆಮೇಲೆ ಬಂದ ಬೇರೆ ಪ್ಲಂಬರ್, ವಯಸ್ಸಾದವರು, ಮೊದಲು ಕೆಳಗಿಳಿದು ಚೇಂಬರ್ ನೋಡಿದರು. ಈ ಒಂದು ಪರೀಕ್ಷೆ ಎಲ್ಲರೂ ತಿಳ್ಕೊಂಡಿರಿ. ಸಿಂಕಿನಲ್ಲಿ ನೀರು ನಿಂತಿರುವಾಗ ಚೇಂಬರೂ ತುಂಬಿದ್ದರೆ ಕಟ್ಟಿರೋದು ಹೊರಗೆ, ಯುಜಿಡಿ (ಬೀದಿಯ ಒಳಚರಂಡಿ) ಕಡೆ. ಚೇಂಬರ್ ಖಾಲಿ ಇದ್ದರೆ ಕಟ್ಟಿರೋದು ಟೀಗೂ ಚೇಂಬರ್‌ಗೂ ಮಧ್ಯೆ. ಮೆಷಿನ್ ನೀರು ವಾಪಸ್ ಬರದೆ ಸಿಂಕಿನ ನೀರು ಮಾತ್ರ ನಿಲ್ತಿದ್ದರೆ ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪ್ (ಕಸ ಕೂರೋ ಬಟ್ಟಲಿನಂಥ ಭಾಗ) ಬಿಚ್ಚಿ ತೊಳೆದರೆ ಸಾಮಾನ್ಯವಾಗಿ ಸರಿಹೋಗುತ್ತೆ. ನಮ್ಮದು ಎರಡನೇ ಥರದ್ದು. ಪೈಪಿನೊಳಗೆ ಸ್ಪ್ರಿಂಗ್ (ಕಟ್ಟು ಬಿಡಿಸೋ ಉದ್ದನೆಯ ಸುರುಳಿ ತಂತಿ) ಹಾಕಿ ತಿರುಗಿಸಿದಾಗ ಬೆಂಡ್‌ನಲ್ಲಿದ್ದದ್ದು ಉಂಡೆಯಾಗಿ ಈಚೆ ಬಂತು: ಒಗ್ಗರಣೆ ಎಣ್ಣೆ, ರಾಗಿ ಹಿಟ್ಟಿನ ಗಸಿ, ಬಟ್ಟೆ ಜುಂಗು, ಗಡಸು ನೀರಿಗೆ ಸೋಪು ಸೇರಿ ಆದ ಬಿಳಿ ಜಿಗಟು. ಆ ಪುಡಿ ಇದನ್ನು ಕರಗಿಸಿರಲಿಲ್ಲ. ಅದರಲ್ಲೇ ಒಂದಷ್ಟು ಕೆಳಗೆ ಕೂತು ಸುಣ್ಣದ ಗಾರೆ ಹಾಗೆ ಗಟ್ಟಿಯಾಗಿತ್ತು. ಪುಡಿ ನೀರಿಗೆ ಸೇರಿದಾಗ ಎದ್ದ ಬಿಸಿಗೆ ಪಿವಿಸಿ ಜಾಯಿಂಟ್ ಕೂಡ ಸೊಟ್ಟಗಾಗಿತ್ತು.

ಓನರ್ ಜೊತೆ ಜಗಳ ಆಯ್ತು, ಕೊನೆಗೆ ಖರ್ಚು ಕೊಟ್ಟರು. ಈಗ ಮೆಷಿನ್‌ಗೆ ಬೇರೆ ಪೈಪ್ ಎಳೆದು ನೇರ ಚೇಂಬರ್‌ಗೆ ಬಿಟ್ಟಿದ್ದೀವಿ. ಸಿಂಕಿನ ಲೈನಿಗೆ ಮುಚ್ಚಳ ಇರೋ ಡೋರ್ ಬೆಂಡ್ ಹಾಕಿಸಿದ್ದೀವಿ, ಇನ್ನು ಕಟ್ಟಿದರೆ ಅದನ್ನು ತೆಗೆದು ಸ್ಪ್ರಿಂಗ್ ಹಾಕಬಹುದು. ಮನೆ ಕಟ್ಟಿಸ್ತಿರೋರು ಇವೆರಡನ್ನೂ ಈಗಲೇ ಮಾಡಿಸಿಕೊಳ್ಳಿ. ಗೋಡೆ ಒಡೆಯೋ ಖರ್ಚಿನ ಮುಂದೆ ಇದು ಏನೇನೂ ಅಲ್ಲ.

ಈಗಾಗಲೇ ನಿಮ್ಮ ಮನೆಯಲ್ಲಿ ಯಾರಾದರೂ ಪುಡಿ ಸುರಿದಿದ್ದರೆ ಮೆಷಿನ್ ಪ್ಲಗ್ ಕಿತ್ತಿಡಿ. ಸಿಂಕಿಗೆ ರಬ್ಬರ್ ಪಂಪ್ (ಪ್ಲಂಜರ್) ಒತ್ತಬೇಡಿ, ನೀರು ಮುಖಕ್ಕೆ ಹಾರುತ್ತೆ. ಅದರ ಮೇಲೆ ಟಾಯ್ಲೆಟ್ ಆಸಿಡ್ ಅಂತೂ ಹಾಕಲೇಬೇಡಿ, ಎರಡೂ ಸೇರಿದರೆ ಕುದ್ದು ಸಿಡಿಯುತ್ತೆ. ಪುಡಿಯಲ್ಲಿ ಬ್ಲೀಚಿಂಗ್ ಇದ್ದರೆ ಆಸಿಡ್ ಬಿದ್ದಾಗ ಕ್ಲೋರಿನ್ ವಿಷಗಾಳಿ ಬರುತ್ತೆ. ಪ್ಲಂಬರ್ ಕರೆಯುವಾಗ ಫೋನಿನಲ್ಲೇ "ಪುಡಿ ಹಾಕಿದ್ದಾರೆ, ಗ್ಲೌಸ್, ಕನ್ನಡಕ ತನ್ನಿ" ಅಂತ ಹೇಳಿ. ಅವರು ಸಿಂಕಿನ ಕೆಳಗೆ ಅಂಗಾತ ಮಲಗಿ ಪೈಪ್ ಬಿಚ್ಚಿದಾಗ ಒಳಗೆ ನಿಂತ ನೀರೆಲ್ಲ ಬೀಳೋದು ಅವರ ಮುಖದ ಮೇಲೇ.